ಎಲ್ಲ ಗಣಕಗಳಲ್ಲೂ ಒಂದೇ ನೆಲ

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಕೆಲಸ ಬಾರದವರು ನೆಪ ಹುಡುಕುವುದನ್ನು ಕಂಡಾಗ ಹಿರಿಯರು ಈ ಮಾತನ್ನಾಡುತ್ತಾರೆ. ಆದರೆ ಗಣಕಯಂತ್ರದ ಪ್ರಪಂಚದಲ್ಲಿ ನೆಲವೇ ನಿಜವಾಗಿ ಡೊಂಕಾಗಿರುವುದುಂಟು. ಒಬ್ಬನ ಯಂತ್ರದಲ್ಲಿ ಚೆನ್ನಾಗಿ ಕುಣಿಯುವ ತಂತ್ರಾಂಶವು ಇನ್ನೊಬ್ಬನ ಯಂತ್ರದಲ್ಲಿ ಒಂದು ಹೆಜ್ಜೆಯನ್ನೂ ಇಡದೆ ನಿಂತುಬಿಡುತ್ತದೆ. ಈ ಡೊಂಕನ್ನು ತಿದ್ದುವುದಕ್ಕೆ ಇಂದು ಬಳಕೆಯಲ್ಲಿರುವ ಉಪಾಯವೇ ಕಂಟೈನರು. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇದನ್ನು ಕುರಿತು ಬರೆಯಹೊರಟದ್ದು ಕೆಲವರಿಗೆ ಸೋಜಿಗವೆನಿಸಬಹುದು. ಕನ್ನಡ ಓದಿದವರಿಗೆ ಇದರಿಂದೇನು ಪ್ರಯೋಜನವೆಂಬುದು ಮುಂದೆ ತಾನಾಗಿಯೇ ತಿಳಿಯುವುದೆಂದು ನಂಬಿದ್ದೇನೆ.

ಮೊದಲು ನೆಲ ಡೊಂಕಾಗುವುದು ಹೇಗೆಂಬುದನ್ನು ನೋಡೋಣ. ನಾವು ಆಗಾಗ ತೆರೆದು ನೋಡುವ ಕನ್ನಡ ವಿಕಿಪೀಡಿಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೨೦೦೩ರಲ್ಲಿ ಆರಂಭವಾದ ಈ ವಿಶ್ವಕೋಶದ ಹಿಂದೆ ಮೀಡಿಯಾವಿಕಿ ಎಂಬ ತಂತ್ರಾಂಶ ಕೆಲಸ ಮಾಡುತ್ತಿದೆ. ೨೦೧೬ರಲ್ಲಿ ಬಂದ ತುಳು ವಿಕಿಪೀಡಿಯಕ್ಕೂ ಅದೇ ಆಧಾರ. ಯಾರು ಬೇಕಾದರೂ ಪಡೆದು ಓದಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶವದು. ಆದರೆ ಅದು ಒಂಟಿಯಾಗಿ ನಡೆಯಲಾರದು. ಅದನ್ನು ಬರೆದಿರುವುದು ಪಿಎಚ್‌ಪಿ ಎಂಬ ಭಾಷೆಯಲ್ಲಾದ್ದರಿಂದ ಆ ಭಾಷೆಯನ್ನು ನಡೆಸುವ ಸಾಧನ ಬೇಕು. ಬ್ರೌಸರು ಕೇಳಿದ ಪುಟವನ್ನು ಒದಗಿಸಲು ಅಪಾಚೆಯಂತಹ ಸರ್ವರು ಬೇಕು. ಲೇಖನಗಳನ್ನು ಕಾಪಾಡಿಡಲು ಡೇಟಾಬೇಸು ಬೇಕು. ಇವುಗಳಲ್ಲಿ ಪ್ರತಿಯೊಂದಕ್ಕೂ ಹಲವು ಆವೃತ್ತಿಗಳುಂಟು. ಒಂದು ಆವೃತ್ತಿ ಹಳತಾದರೆ ಇನ್ನೊಂದು ಅದರೊಡನೆ ಹೊಂದುವುದಿಲ್ಲ. ಒಂದೇ ಯಂತ್ರದಲ್ಲಿ ಎರಡು ಕೆಲಸಗಳಿದ್ದು, ಅವಕ್ಕೆ ಎರಡು ಬೇರೆ ಬೇರೆ ಆವೃತ್ತಿಗಳು ಬೇಕಾದರಂತೂ ತೊಡಕು ಇನ್ನೂ ಹೆಚ್ಚುತ್ತದೆ. ಹೀಗೆ ಮೊದಲ ಸಾಲನ್ನು ಬರೆಯುವ ಮುನ್ನವೇ ದಿನಗಟ್ಟಲೆ ಹೊತ್ತು ಸಿದ್ಧತೆಯಲ್ಲಿ ಕಳೆದುಹೋಗುವುದು ಸಾಮಾನ್ಯವಾದ ಸಂಗತಿ.

ಈ ಸಿದ್ಧತೆಯ ವಿದ್ಯೆ ಬಹುಕಾಲ ಬಾಯಿಂದ ಬಾಯಿಗೆ ಹರಿದು ಬಂದದ್ದು. ‘ಅದನ್ನು ಮೊದಲು ಹಾಕು, ಇದನ್ನು ಆಮೇಲೆ ತೆಗೆ’ ಎಂದು ಬಲ್ಲವರು ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕಾಗಿತ್ತು. ಮನೆಯಲ್ಲಿಯೇ ಇಂಜಿನಿಯರಾದ ಅಣ್ಣನಿರುವ ಹುಡುಗನಿಗೆ ಇದೊಂದು ಸಂಜೆಯ ಕೆಲಸ. ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಕೆಲಸಗಾರರು. ಲಾಳಿ ಸಿಕ್ಕಿಕೊಂಡರೆ ಅವರು ಕ್ಷಣದಲ್ಲಿ ಬಿಡಿಸಬಲ್ಲರು; ಪಿಎಚ್‌ಪಿ ಸಿಕ್ಕಿಕೊಂಡರೆ ಯಾರನ್ನು ಕೇಳುವುದು? ಆದುದರಿಂದ ಬಲ್ಲವರ ತಲೆಯಲ್ಲಿರುವ ವಿದ್ಯೆಯನ್ನು ಬರಹಕ್ಕಿಳಿಸಿ, ಆ ಬರಹವನ್ನು ಯಂತ್ರವೇ ಓದಿ ನಡೆಸುವಂತೆ ಮಾಡುವ ಉಪಾಯವೊಂದಿದೆಯೆಂದು ತಿಳಿದಾಗ ನನಗೆ ಅದು ಬರಿಯ ಅನುಕೂಲವೆಂದು ತೋರಲಿಲ್ಲ, ನ್ಯಾಯವೆಂದೇ ತೋರಿತು.

ಕಂಟೈನರು ಎಂಬ ಹೆಸರು ಬಂದದ್ದು ಸರಕು ಸಾಗಾಣಿಕೆಯಿಂದ. ಹೊಸಕೋಟೆಯ ಹೆದ್ದಾರಿಯಲ್ಲಿ ಉದ್ದನೆಯ ಕಬ್ಬಿಣದ ಪೆಟ್ಟಿಗೆಗಳನ್ನು ಹೊತ್ತ ಲಾರಿಗಳನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿಗೆ ಸಮೀಪದ ವೈಟ್‌ಫೀಲ್ಡಿನಲ್ಲಿ ಇಂತಹ ಪೆಟ್ಟಿಗೆಗಳ ದೊಡ್ಡ ಡಿಪೋ ಇದೆ. ಹಿಂದೆ ಮೂಟೆ, ಪೀಪಾಯಿ, ಕಟ್ಟುಗಳನ್ನು ಒಂದೊಂದಾಗಿ ಹಡಗಿಗೆ ಹೇರಬೇಕಾಗಿತ್ತು. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿಯು ಸರಕನ್ನು ಪೆಟ್ಟಿಗೆಯಲ್ಲಿ ತುಂಬಿ, ಪೆಟ್ಟಿಗೆಯನ್ನೇ ಎತ್ತಿಡುವ ಏರ್ಪಾಡು ಮಾಡಿದನು. ೧೯೫೬ರ ಏಪ್ರಿಲ್ ೨೬ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಇಂತಹ ೫೮ ಪೆಟ್ಟಿಗೆಗಳನ್ನು ಹೊತ್ತು ನ್ಯೂಆರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಒಳಗೆ ಏನೇ ಇರಲಿ, ಪೆಟ್ಟಿಗೆಯ ಹೊರ ಅಳತೆ ಗೊತ್ತಾಗಿದ್ದರೆ ಯಾವ ಲಾರಿಯಾದರೂ ಹೊರಬಹುದು, ಯಾವ ಹಡಗಾದರೂ ಸಾಗಿಸಬಹುದು ಎಂಬುದೇ ಇದರ ಸಾರ.

ತಂತ್ರಾಂಶವನ್ನೂ ಹೀಗೆಯೇ ಪೆಟ್ಟಿಗೆಯಲ್ಲಿಡುವ ಯೋಚನೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ೧೯೭೯ರ ಯುನಿಕ್ಸ್ ವ್ಯವಸ್ಥೆಯಲ್ಲಿಯೇ ಒಂದು ಕ್ರಮವಿಧಿಗೆ ಕಡತಗಳ ಒಂದು ಭಾಗವನ್ನು ಮಾತ್ರ ತೋರಿಸಿ, ಅದೇ ಇಡೀ ಯಂತ್ರವೆಂದು ನಂಬಿಸುವ ಸೌಲಭ್ಯ ಬಂದಿತ್ತು. ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಗುಂಪಿಗೂ ಇಷ್ಟೇ ಸ್ಮೃತಿ, ಇಷ್ಟೇ ಸಂಸ್ಕಾರಕ ಎಂದು ಮಿತಿ ಹಾಕುವ ಏರ್ಪಾಡು ೨೦೦೮ರಲ್ಲಿ ಸೇರಿತು. ಇವನ್ನೆಲ್ಲ ಸಾಮಾನ್ಯರೂ ಬಳಸುವಂತೆ ಒಂದುಗೂಡಿಸಿದ ಸಾಧನವೇ ಡಾಕರ್. ಸಾಲೊಮನ್ ಹೈಕ್ಸ್ ಎಂಬವರು ೨೦೧೩ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಕೆಲವೇ ನಿಮಿಷಗಳ ಭಾಷಣದಲ್ಲಿ ಅದನ್ನು ಮೊದಲ ಬಾರಿಗೆ ಜನರ ಮುಂದಿಟ್ಟರು. ಇಂದು ಇದೇ ಕೆಲಸಕ್ಕೆ ಪಾಡ್‌ಮನ್ ಮುಂತಾದ ಬೇರೆ ಸಾಧನಗಳೂ ಇವೆ.

ಕಂಟೈನರಿನ ಒಳಗುಟ್ಟನ್ನು ನಮ್ಮೂರಿನ ಮಗ್ಗದ ಶೆಡ್ಡಿನಿಂದ ಸುಲಭವಾಗಿ ತಿಳಿಯಬಹುದು. ಒಂದು ಶೆಡ್ಡಿನಲ್ಲಿ ನಾಲ್ಕು ಮಗ್ಗಗಳಿವೆಯೆನ್ನೋಣ. ನಾಲ್ಕಕ್ಕೂ ಒಂದೇ ಮೀಟರಿನ ಕರೆಂಟು, ಒಂದೇ ಸೂರು. ಆದರೂ ಒಂದರ ಹಾಸು ಹೊಕ್ಕು ಇನ್ನೊಂದರಲ್ಲಿ ಬೆರೆಯುವುದಿಲ್ಲ. ಪ್ರತಿಯೊಂದು ಮಗ್ಗವೂ ತನ್ನ ಸೀರೆಯನ್ನು ತಾನು ನೇಯುತ್ತದೆ. ಇಲ್ಲಿ ಕರೆಂಟಿನ ಸ್ಥಾನದಲ್ಲಿರುವುದು ಕರ್ನೆಲ್, ಎಂದರೆ ಯಂತ್ರವನ್ನಾಳುವ ವ್ಯವಸ್ಥೆಯ ತಿರುಳು. ಎಲ್ಲ ಕಂಟೈನರುಗಳೂ ಒಂದೇ ಕರ್ನೆಲನ್ನು ಹಂಚಿಕೊಳ್ಳುತ್ತವೆ. ಇದಕ್ಕೆ ಮೊದಲಿನಿಂದಲೂ ಬಳಕೆಯಲ್ಲಿರುವ ವರ್ಚುವಲ್ ಮೆಷೀನು ಎಂಬ ಉಪಾಯವಾದರೋ ಪ್ರತಿಯೊಂದು ಮಗ್ಗಕ್ಕೂ ಬೇರೆ ಶೆಡ್ಡು ಕಟ್ಟಿ, ಬೇರೆ ಮೀಟರು ಹಾಕಿಸಿದಂತೆ. ಅದರಲ್ಲಿ ಭದ್ರತೆ ಹೆಚ್ಚು, ಖರ್ಚೂ ಹೆಚ್ಚು. ಕಂಟೈನರು ಹಗುರ, ಬಹಳ ಬೇಗ ಎದ್ದು ನಿಲ್ಲುತ್ತದೆ.

ಇನ್ನು ಇಮೇಜು ಮತ್ತು ಕಂಟೈನರು ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯತಕ್ಕದ್ದು. ಫ್ರಾನ್ಸಿನ ಜಕಾರ್ಡನು ೧೮೦೪ರ ಸುಮಾರಿಗೆ ರೂಪಿಸಿದ ಯಂತ್ರದಲ್ಲಿ ಅಂಚು ಸೆರಗುಗಳ ವಿನ್ಯಾಸವೆಲ್ಲ ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿರುತ್ತದೆ. ಆ ಕಾರ್ಡುಗಳ ಸರವನ್ನು ಅದಕ್ಕೆ ಹೊಂದುವ ಯಾವ ಮಗ್ಗಕ್ಕೆ ಏರಿಸಿದರೂ ಅದೇ ಹೂವು, ಅದೇ ಬಳ್ಳಿ ಮೂಡುತ್ತದೆ. ಇಮೇಜು ಎಂಬುದು ಈ ಕಾರ್ಡುಗಳ ಸರವಿದ್ದಂತೆ, ಅದು ಬದಲಾಗುವುದಿಲ್ಲ. ಅದನ್ನು ಏರಿಸಿದ ಮೇಲೆ ನಡೆಯುತ್ತಿರುವ ನೇಯ್ಗೆಯೇ ಕಂಟೈನರು. ಒಂದೇ ಇಮೇಜಿನಿಂದ ಎಷ್ಟು ಕಂಟೈನರುಗಳನ್ನಾದರೂ ನಡೆಸಬಹುದು. ಇಮೇಜನ್ನು ತಯಾರಿಸುವ ಕ್ರಮವನ್ನು ಡಾಕರ್‌ಫೈಲ್ ಎಂಬ ಕಡತದಲ್ಲಿ ಸಾಲುಸಾಲಾಗಿ ಬರೆಯುತ್ತಾರೆ. ಯಾವ ಯಾವ ಕಂಟೈನರುಗಳು ಜೊತೆಗೂಡಬೇಕು, ಯಾವ ಬಾಗಿಲಿನಿಂದ ಮಾತನಾಡಬೇಕು ಎಂಬುದನ್ನು ಕಂಪೋಸ್ ಕಡತದಲ್ಲಿ ಬರೆಯುತ್ತಾರೆ.

ಮೀಡಿಯಾವಿಕಿಯ ಮೂಲ ಸಂಗ್ರಹದಲ್ಲಿಯೇ ಈ ಕಂಪೋಸ್ ಕಡತವನ್ನು ಇಟ್ಟಿದ್ದಾರೆ. ನಮ್ಮ ಯಂತ್ರದಲ್ಲಿ ಡಾಕರ್ ಇದ್ದರೆ ಮಾಡಬೇಕಾದದ್ದು ಇಷ್ಟೆ. ಮೊದಲು ಗಿಟ್ ಸಾಧನದ ಮೂಲಕ ಮೂಲ ಸಂಗ್ರಹವನ್ನು ಇಳಿಸಿಕೊಳ್ಳಬೇಕು. ಎರಡನೆಯದಾಗಿ ‘ಡಾಟ್ ಎನ್ವ್’ ಎಂಬ ಸಣ್ಣ ಕಡತದಲ್ಲಿ ಬಾಗಿಲಿನ ಸಂಖ್ಯೆ ೮೦೮೦ ಮುಂತಾದ ಕೆಲವು ಸಾಲುಗಳನ್ನು ಬರೆಯಬೇಕು. ಅವುಗಳ ಮಾದರಿ ಸಂಗ್ರಹದಲ್ಲಿರುವ ‘ಡೆವಲಪರ್ಸ್’ ಕಡತದಲ್ಲಿದೆ. ಮೂರನೆಯದಾಗಿ ‘ಡಾಕರ್ ಕಂಪೋಸ್ ಅಪ್’ ಎಂಬ ಆಜ್ಞೆ ಕೊಡಬೇಕು. ಆಗ ಮೂರು ಕಂಟೈನರುಗಳು ಏಳುತ್ತವೆ: ಒಂದು ಪಿಎಚ್‌ಪಿಯನ್ನು ನಡೆಸುತ್ತದೆ, ಒಂದು ಅಪಾಚೆಯನ್ನು ನಡೆಸುತ್ತದೆ, ಮತ್ತೊಂದು ಹಿನ್ನೆಲೆಯ ಬಿಡಿ ಕೆಲಸಗಳನ್ನು ನೋಡಿಕೊಳ್ಳುತ್ತದೆ. ನಾಲ್ಕನೆಯದಾಗಿ ಕಂಟೈನರಿನ ಒಳಗೇ ಎರಡು ಆಜ್ಞೆಗಳನ್ನು ನಡೆಸಬೇಕು. ಮೊದಲನೆಯದು ಬೇಕಾದ ಉಪಾಂಗಗಳನ್ನು ತರುತ್ತದೆ, ಎರಡನೆಯದು ಎಸ್‌ಕ್ಯೂಲೈಟ್ ಡೇಟಾಬೇಸನ್ನು ಹೂಡಿ ವಿಕಿಯನ್ನು ಸ್ಥಾಪಿಸುತ್ತದೆ. ಪುಟಗಳಿಗೆ ರೂಪು ಕೊಡುವ ‘ಸ್ಕಿನ್’ ಒಂದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಬಳಿಕ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ೮೦೮೦ ಎಂಬ ವಿಳಾಸವನ್ನು ತೆರೆದರೆ ನಮ್ಮದೇ ಆದ ವಿಕಿಯೊಂದು ಕಣ್ಣೆದುರಿಗೆ ನಿಲ್ಲುತ್ತದೆ. ಅದನ್ನು ಹೊರಗಿನ ಲೋಕಕ್ಕೆ ತೆರೆದಿಡುವ ಉದ್ದೇಶವಿಲ್ಲ. ಅದು ಅಭ್ಯಾಸದ ಅಂಗಳ. ಎಷ್ಟು ಕೆಡಿಸಿದರೂ ನಿಜವಾದ ವಿಕಿಪೀಡಿಯಕ್ಕೆ ಕೂದಲೂ ಕೊಂಕುವುದಿಲ್ಲ.

ಈಗ ಕನ್ನಡದ ಮಾತಿಗೆ ಬರೋಣ. ಸ್ಥಾಪನೆಯಾದಾಗ ಹುಟ್ಟುವ ‘ಲೋಕಲ್‌ಸೆಟ್ಟಿಂಗ್ಸ್’ ಕಡತದಲ್ಲಿ ಭಾಷೆಯ ಸಂಕೇತವನ್ನು ‘ಕೆಎನ್’ ಎಂದು ಬರೆದರೆ ವಿಕಿಯ ಗುಂಡಿಗಳೂ ಸೂಚನೆಗಳೂ ಕನ್ನಡವಾಗುತ್ತವೆ. ಆ ಕನ್ನಡ ವಾಕ್ಯಗಳೆಲ್ಲ ಒಂದು ಕಡತದಲ್ಲಿ ಸಾಲಾಗಿವೆ. ಹಲವು ವಾಕ್ಯಗಳಲ್ಲಿ ಬಳಕೆದಾರನ ಹೆಸರೋ ಅಂಕಿಯೋ ಬಂದು ಕೂಡಬೇಕಾದ ಕಡೆ ಒಂದು ಗುರುತನ್ನು ಹಾಕಿರುತ್ತಾರೆ. ಇಂಗ್ಲಿಷಿನಲ್ಲಿ ಹೆಸರು ಬದಲಾದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಾದರೆ ವಿಭಕ್ತಿಯ ಪ್ರಶ್ನೆ ಬರುತ್ತದೆ. ‘ರಾಮನ’, ‘ಸೀತೆಯ’, ‘ಗುರುವಿನ’ ಎಂದು ಷಷ್ಠಿಯು ಹೆಸರಿಗೆ ತಕ್ಕಂತೆ ರೂಪ ತಾಳುತ್ತದೆ. ಗುರುತಿನ ಮುಂದೆ ‘ನ’ ಎಂದಷ್ಟೇ ಬರೆದಿಟ್ಟರೆ ‘ಸೀತೆನ ಪುಟ’ ಎಂದಾಗುತ್ತದೆ. ಈ ಕೊರೆಯನ್ನು ಕಾಣಬಲ್ಲವರು ವ್ಯಾಕರಣ ಓದಿದ ನಾವು. ಆದರೆ ಪಟ್ಟಿಯಲ್ಲಿ ಸರಿಯಾಗಿ ಕಾಣುವ ವಾಕ್ಯ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ನಡೆಸಿಯೇ ನೋಡಬೇಕು. ನಡೆಸಿ ನೋಡಲು ನೆಲ ಬೇಕು. ಕನ್ನಡ ಬಲ್ಲವರು ಅಲ್ಲಿಯವರೆಗೆ ಹೋಗಲಾರದೆ, ಅಲ್ಲಿಗೆ ಹೋದವರು ಕನ್ನಡಕ್ಕೆ ಗಮನ ಕೊಡದೆ ಹೋದರೆ ನಷ್ಟ ಭಾಷೆಗೆ. ಹೀಗೆ ಪರೀಕ್ಷಿಸಿದ ತಿದ್ದುಪಡಿಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದ ಮೂಲಕ ಸಲ್ಲಿಸುವುದು ಪದ್ಧತಿ. ಅದಕ್ಕೆ ಇಂಜಿನಿಯರಿಂಗ್ ಪದವಿಯ ಅಗತ್ಯವಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಕಂಟೈನರನ್ನು ಅಳಿಸಿದರೆ ಅದರೊಳಗೆ ಬರೆದದ್ದೂ ಅಳಿಯುತ್ತದೆ. ಆದ್ದರಿಂದ ಉಳಿಯಬೇಕಾದ ಕಡತಗಳನ್ನು ನಮ್ಮ ಯಂತ್ರದ ಫೋಲ್ಡರಿನಲ್ಲಿಟ್ಟು, ಅದನ್ನು ಕಂಟೈನರಿಗೆ ಜೋಡಿಸಬೇಕು. ಮೀಡಿಯಾವಿಕಿಯ ಏರ್ಪಾಡಿನಲ್ಲಿ ಇದು ಮೊದಲೇ ಇದೆ. ಗುಪ್ತಪದಗಳನ್ನು ಇಮೇಜಿನೊಳಗೆ ಬರೆದು ಹಂಚಬಾರದು. ಆವೃತ್ತಿಯ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸದೆ ‘ಇತ್ತೀಚಿನದು’ ಎಂದಷ್ಟೇ ಬರೆದರೆ, ಆರು ತಿಂಗಳ ಬಳಿಕ ನೆಲ ಮತ್ತೆ ಡೊಂಕಾದೀತು. ವಿಂಡೋಸ್ ಯಂತ್ರದಲ್ಲಿ ಲಿನಕ್ಸ್ ಕರ್ನೆಲ್ ಇಲ್ಲದ ಕಾರಣ ಡಾಕರು ಒಳಗೊಳಗೇ ಒಂದು ಸಣ್ಣ ಲಿನಕ್ಸನ್ನು ನಡೆಸುತ್ತದೆ. ಸ್ಮೃತಿ ಕಡಿಮೆಯಿರುವ ಹಳೆಯ ಯಂತ್ರಗಳಿಗೆ ಅದು ಭಾರ. ಅಂಥವುಗಳಲ್ಲಿ ನೇರವಾಗಿ ಲಿನಕ್ಸನ್ನೇ ಹಾಕಿಕೊಳ್ಳುವುದು ಲೇಸು.

ಹಳ್ಳಿಗಳಿಂದ ಬರುವ ನಮ್ಮಂಥವರಿಗೆ ಇನ್ನೊಂದು ತೊಂದರೆಯುಂಟು. ಇಮೇಜುಗಳು ದೊಡ್ಡವು; ಮೊಬೈಲಿನ ದಿನದ ಡೇಟಾ ಒಂದೇ ಇಮೇಜಿಗೆ ಮುಗಿದುಹೋಗಬಹುದು. ಇದಕ್ಕೂ ದಾರಿಯಿದೆ. ಒಬ್ಬನು ಇಳಿಸಿಕೊಂಡ ಇಮೇಜನ್ನು ‘ಡಾಕರ್ ಸೇವ್’ ಎಂಬ ಆಜ್ಞೆಯಿಂದ ಒಂದು ಕಡತವಾಗಿ ಮಾಡಿ ಪೆನ್‌ಡ್ರೈವಿನಲ್ಲಿ ಕೊಡಬಹುದು. ಪಡೆದವನು ‘ಡಾಕರ್ ಲೋಡ್’ ಎಂಬ ಆಜ್ಞೆಯಿಂದ ಅದನ್ನು ತನ್ನ ಯಂತ್ರಕ್ಕೆ ಸೇರಿಸಿಕೊಳ್ಳಬಹುದು. ಒಂದು ಮನೆಯ ಕೆಂಡದಿಂದ ಇನ್ನೊಂದು ಮನೆಯ ಒಲೆ ಹೊತ್ತಿಸಿದಂತೆ, ಒಬ್ಬರ ಡೇಟಾದಲ್ಲಿ ಇಡೀ ತರಗತಿಯ ಕೆಲಸ ಆರಂಭವಾಗಬಹುದು.

ಕಂಟೈನರು ಯಾರನ್ನೂ ಪಂಡಿತರನ್ನಾಗಿ ಮಾಡುವುದಿಲ್ಲ. ಕುಣಿತವನ್ನು ಅದು ಕಲಿಸದು. ನೆಲವನ್ನು ಸಮ ಮಾಡಿಕೊಡುತ್ತದೆ, ಅಷ್ಟೆ. ಆದರೆ ನೆಲ ಸಮವಾದ ಮೇಲೆ ತನಗೆ ಕುಣಿಯಲು ಬರುವುದೋ ಇಲ್ಲವೋ ಎಂಬುದು ಪ್ರತಿಯೊಬ್ಬನಿಗೂ ನ್ಯಾಯವಾಗಿ ತಿಳಿಯುತ್ತದೆ. ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿ ವಾರಕ್ಕೊಂದು ಸಂಜೆ ಇಂತಹ ಅಭ್ಯಾಸಕ್ಕೆ ಅವಕಾಶವಾದರೆ, ಕನ್ನಡ ವಿಭಾಗದ ಮಿತ್ರರೇ ಮೊದಲು ಬಂದು ಕುಳಿತುಕೊಳ್ಳಬೇಕೆಂದು ನನ್ನ ಆಸೆ. ಗುರುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯದಿಂದ ಕೋರುತ್ತೇನೆ.