ಲೇತ್‌ ಮುಂದೆ ಯಾರು, ಕುಂಚ ಯಾರ ಕೈಗೆ?

ಚನ್ನಪಟ್ಟಣ: ಒಣಗಿಸಿದ ಹಾಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ, ಉಳಿ ಹಿಡಿದು ಆಕಾರ ಕೊಡಲಾಗುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಇದು ಯಂತ್ರದ ಕೆಲಸ. ಕಣ್ಣು, ಮೂಗು ಬರೆಯುವುದು, ಬಿಡಿಭಾಗ ಜೋಡಿಸುವುದು ನಂತರದ್ದು. ಇಲ್ಲಿನ ಗೊಂಬೆ ಉದ್ಯಮದಲ್ಲಿ ಮೊದಲನೆಯದು ಬಹುಕಾಲ ಗಂಡಸರ ಪಾಲಾಗಿತ್ತು. ಹೆಂಗಸರಿಗೆ ಸಿಕ್ಕಿದ್ದು ಹೆಚ್ಚಾಗಿ ಎರಡನೆಯದು.

ಸಮಾನ ವೇತನದ ಕಾನೂನು ಎಡವುವುದು ಇಲ್ಲಿಯೇ. 1976ರ ಕಾಯ್ದೆ ವಿಧಿಸಿದ್ದು ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ತತ್ವವೂ ಅದೇ. ಕೆಲಸವೇ ಬೇರೆಯಾದರೆ ಹೋಲಿಸುವುದು ಯಾವುದರೊಂದಿಗೆ? ಕನಿಷ್ಠ ವೇತನದ ಪಟ್ಟಿ ಹೆಣ್ಣು-ಗಂಡೆಂದು ಭೇದ ಮಾಡದು. ಅಕುಶಲ, ಅರೆಕುಶಲ, ಕುಶಲ ಎಂದು ವಿಂಗಡಿಸುತ್ತದೆ. ಲೇತ್‌ ನಡೆಸುವವನನ್ನು ಕುಶಲಕರ್ಮಿಯೆಂದೂ, ನೂರಾರು ಗೊಂಬೆಗಳಿಗೆ ಒಂದೇ ಅಳತೆಯ ಕಣ್ಣು ಬರೆಯುವವಳನ್ನು ಸಹಾಯಕಿಯೆಂದೂ ಕರೆದರೆ ಸಾಕು, ತಾರತಮ್ಯ ಕಡತದಲ್ಲಿ ಕಾಣಿಸದು. 1974ರಲ್ಲಿ ಮಹಿಳೆಯರು ಅರ್ಜಿ ಸಲ್ಲಿಸುವುದು ಬೇಡವೆಂದ ಟೆಲ್ಕೊ ಜಾಹೀರಾತನ್ನು ಸುಧಾ ಮೂರ್ತಿ ಅಂಚೆ ಕಾರ್ಡಿನಲ್ಲಿ ಪ್ರಶ್ನಿಸಿ ಕೆಲಸ ಪಡೆದರು. ಅಲ್ಲಿ ತಾರತಮ್ಯ ಅಚ್ಚಾಗಿತ್ತು; ಹಾಗಾಗಿ ಪ್ರಶ್ನಿಸಲು ಬಂತು.

ದೊಡ್ಡ ಕಾರ್ಖಾನೆಗಳಲ್ಲಿ ಅಡ್ಡ ನಿಂತದ್ದು ಕಾನೂನೇ. 1948ರ ಕಾರ್ಖಾನೆಗಳ ಕಾಯ್ದೆಯ 66ನೇ ಕಲಂ ಮಹಿಳೆಯರ ದುಡಿಮೆಯನ್ನು ಬೆಳಿಗ್ಗೆ 6ರಿಂದ ಸಂಜೆ 7ಕ್ಕೆ ಸೀಮಿತಗೊಳಿಸಿತ್ತು. ರಕ್ಷಣೆಯ ಹೆಸರಿನ ಈ ನಿಯಮ, ಮೂರು ಪಾಳಿಯ ಘಟಕಗಳಲ್ಲಿ ಹೆಣ್ಣುಮಕ್ಕಳನ್ನು ಯಂತ್ರದಿಂದ ದೂರವಿಡಲು ಒಳ್ಳೆಯ ನೆಪವಾಯಿತು. ಮದ್ರಾಸ್ ಹೈಕೋರ್ಟ್ 2000ದಲ್ಲಿ ರಾತ್ರಿ ನಿರ್ಬಂಧವನ್ನು ಅಸಿಂಧುಗೊಳಿಸಿತು. ಕರ್ನಾಟಕ ಸರ್ಕಾರ ಸಾರಿಗೆ, ಭದ್ರತೆಯ ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಅನುಮತಿ ನೀಡಿದ್ದು 2019ರ ನವೆಂಬರ್‌ನಲ್ಲಿ.

ಮೂರ್ನಾಲ್ಕು ಜನ ದುಡಿಯುವ ಗೊಂಬೆ ಮನೆಗಳಿಗೆ ಆ ಕಾಯ್ದೆ ತಾಗುತ್ತಲೇ ಇರಲಿಲ್ಲ. ಅಲ್ಲಿ ಲೇತ್‌ನಿಂದ ಹೆಣ್ಣನ್ನು ದೂರವಿಟ್ಟದ್ದು ಕಸುಬು ತಂದೆಯಿಂದ ಮಗನಿಗೆಂಬ ರೂಢಿ. ಈಚಿನ ದಶಕಗಳಲ್ಲಿ ತರಬೇತಿ ಪಡೆದ ಮಹಿಳೆಯರೂ ಉಳಿ ಹಿಡಿದಿದ್ದಾರೆ. ಆಗ ಹೋಲಿಕೆ ಸುಲಭ: ಒಂದೇ ಯಂತ್ರ, ಒಂದೇ ಗೊಂಬೆ.

ಕುಂಚ ಹಿಡಿದವರ ಪಾಡು ಕಠಿಣ. ಕೆಲಸ ಒಂದೇ ಬಗೆಯದೋ ಅಲ್ಲವೋ ಎಂಬುದನ್ನು ಸಂಹಿತೆಯಡಿ ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆಗಳ ಮೇಲೆ ಅಳೆಯಬೇಕು. ವಿವಾದವಾದರೆ ಸರ್ಕಾರ ನೇಮಿಸಿದ ಪ್ರಾಧಿಕಾರ ತೀರ್ಮಾನಿಸುತ್ತದೆ. ಅದರ ಮುಂದೆ ಹೋಗುವ ಕಾರ್ಮಿಕಳ ಕೈಯಲ್ಲಿ ದಾಖಲೆಯಿರಬೇಕು. ವೇತನ ಚೀಟಿ ಕೊಡುವುದು ಈಗ ಮಾಲೀಕರ ಹೊಣೆ. ಬಾಯಿಮಾತಿನ ತುಂಡುಗೂಲಿಯಲ್ಲಿ ಮೊದಲು ಕೇಳಬೇಕಾದ್ದು ಆ ಚೀಟಿಯನ್ನೇ.