ಚಲನೆಯನ್ನು ಹಿಡಿದು ನಿಲ್ಲಿಸಿದ ಮಾರೆ

ಚಲಚ್ಚಿತ್ರದ ಜನಕರು ಯಾರೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಎಡಿಸನ್ನನ ಹೆಸರನ್ನೋ ಲೂಮಿಯೇರ್ ಸಹೋದರರ ಹೆಸರನ್ನೋ ಹೇಳುತ್ತಾರೆ. ಅವರಿಗಿಂತ ಮೊದಲೇ ಈ ದಾರಿಯಲ್ಲಿ ಬಹುದೂರ ನಡೆದಿದ್ದ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆಯ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆತನು ಶರೀರಶಾಸ್ತ್ರಜ್ಞ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಆತನ ವಿಷಯವಾಗಿ ಬರೆಯಹೊರಟಿರುವುದಕ್ಕೆ ಕಾರಣವಿಷ್ಟೇ: ಆತನೆತ್ತಿದ ಪ್ರಶ್ನೆ ವಿಜ್ಞಾನದವರಿಗೆ ಮಾತ್ರ ಸೇರಿದುದಲ್ಲ. ನಮ್ಮ ಕಣ್ಣನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು?

ಮಾರೆ ಹುಟ್ಟಿದ್ದು 1830ರಲ್ಲಿ, ಬೋನ್ ಎಂಬ ಊರಿನಲ್ಲಿ. ನಾಡಿಯ ಬಡಿತವು ತನ್ನ ಗೆರೆಯನ್ನು ತಾನೇ ಬರೆಯುವಂತೆ 1860ರಲ್ಲಿ ಒಂದು ಯಂತ್ರವನ್ನು ರಚಿಸಿದನು. ಆಮೇಲೆ ಕುದುರೆಯ ಗೊರಸಿಗೆ ಗಾಳಿ ತುಂಬಿದ ರಬ್ಬರಿನ ಚೆಂಡುಗಳನ್ನು ಕಟ್ಟಿ, ಅದರ ಹೆಜ್ಜೆಗಳನ್ನೂ ಬರೆಯಿಸಿದನು. ನಾಗಾಲೋಟದಲ್ಲಿ ನಾಲ್ಕು ಕಾಲುಗಳೂ ನೆಲ ಬಿಡುವ ಕ್ಷಣವೊಂದುಂಟೆಂದು 1873ರ ತನ್ನ ಗ್ರಂಥದಲ್ಲಿ ತಿಳಿಸಿದನು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬವನು ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ಇರಿಸಿ, ಓಡುವ ಕುದುರೆಯ ಚಿತ್ರಗಳನ್ನು ತೆಗೆದು ಇದನ್ನು ಕಣ್ಣಿಗೆ ಕಾಣಿಸಿದನು.

ಆದರೆ ಮಾರೆಗೆ ಬೇಕಾಗಿದ್ದುದು ಹಕ್ಕಿಯ ರೆಕ್ಕೆ. ಕುದುರೆಯನ್ನು ಕ್ಯಾಮರಾಗಳ ಮುಂದೆ ಓಡಿಸಬಹುದು. ಹಕ್ಕಿ ನಮ್ಮ ಸಾಲನ್ನು ಅನುಸರಿಸಿ ಹಾರೀತೆ? ಆದ್ದರಿಂದ 1882ರಲ್ಲಿ ಆತನು ಒಂದು ವಿಚಿತ್ರವಾದ ಬಂದೂಕನ್ನು ಮಾಡಿದನು. ನಳಿಗೆಯಲ್ಲಿ ಗುಂಡಿಗೆ ಬದಲು ಮಸೂರ. ಹಿಂದಿನ ಡಬ್ಬಿಯಲ್ಲಿ ತಿರುಗುವ ಗಾಜಿನ ಫಲಕ. ಹಕ್ಕಿಗೆ ಗುರಿಯಿಟ್ಟು ಕುದುರೆ ಎಳೆದರೆ ಒಂದು ಸೆಕೆಂಡಿಗೆ ಹನ್ನೆರಡು ಚಿತ್ರಗಳು. ಪ್ರತಿಯೊಂದಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ರಲ್ಲೊಂದು ಪಾಲು ಮಾತ್ರ. ಬೇಟೆಯೂ ಆಯಿತು, ಹಕ್ಕಿಯೂ ಉಳಿಯಿತು!

ಮುಂದೆ ಪ್ಯಾರಿಸ್ಸಿನ ಅಂಚಿನ ಬೂಲೋನ್ ವನದಲ್ಲಿ ಒಂದು ಪ್ರಯೋಗಶಾಲೆ ನೆಲೆಗೊಂಡಿತು. ಅಲ್ಲಿ ಒಂದೇ ಫಲಕದ ಮೇಲೆ ಮನುಷ್ಯನ ಓಟದ ಹಲವು ಚಿತ್ರಗಳನ್ನು ತೆಗೆಯಲು ಹೋದರೆ ಅವು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು. ಮಾರೆ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಓಡುವವನಿಗೆ ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿಯ ಪಟ್ಟಿಗಳನ್ನು ಹಚ್ಚಿ, ಕಪ್ಪು ಗೋಡೆಯ ಮುಂದೆ ಓಡಿಸಿದನು. ಮನುಷ್ಯ ಮಾಯವಾದ, ಓಟದ ಗೆರೆಗಳು ಮಾತ್ರ ಉಳಿದವು. 1888ರಲ್ಲಿ ಗಾಜಿಗೆ ಬದಲಾಗಿ ಕಾಗದದ ಸುರುಳಿ ಬಂದಿತು.

1894ರ ಬೆಕ್ಕಿನ ಕಥೆಯನ್ನು ಬಿಡಲಾಗದು. ತಲೆಕೆಳಗಾಗಿ ಹಿಡಿದು ಕೈಬಿಟ್ಟ ಬೆಕ್ಕು ಕಾಲೂರಿಯೇ ಇಳಿಯುವುದನ್ನು ಎಲ್ಲರೂ ಬಲ್ಲರು. ಹಿಡಿದವನ ಕೈಯನ್ನು ಒದ್ದುಕೊಂಡೇ ಅದು ತಿರುಗುತ್ತದೆಯೆಂದು ಪಂಡಿತರು ತಿಳಿದಿದ್ದರು. ಆಧಾರವಿಲ್ಲದೆ ತಿರುಗುವುದು ಅಸಾಧ್ಯವೆಂದು ಅವರ ವಾದ. ಮಾರೆಯ ಚಿತ್ರಗಳಲ್ಲಿ ಬೆಕ್ಕು ಬೀಳತೊಡಗಿದಾಗ ಅದಕ್ಕೆ ತಿರುಗುವಿಕೆಯೇ ಇಲ್ಲ. ನಡುದಾರಿಯಲ್ಲಿ ಮುಂಗಾಲು ಮಡಚಿ ಹಿಂಗಾಲು ಚಾಚಿ ಮುಂಭಾಗವನ್ನು ತಿರುಗಿಸುತ್ತದೆ. ಬಳಿಕ ಮುಂಗಾಲು ಚಾಚಿ ಹಿಂಗಾಲು ಮಡಚಿ ಹಿಂಭಾಗವನ್ನು ತಿರುಗಿಸುತ್ತದೆ. ವಾದ ನಡೆಸುತ್ತಿದ್ದವರು ಮತ್ತೆ ಲೆಕ್ಕ ಹಾಕಬೇಕಾಯಿತು.

1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಹಣ ಕೊಟ್ಟು ಬಂದವರಿಗೆ ಚಲಚ್ಚಿತ್ರವನ್ನು ತೋರಿಸಿದರು. ಅದರ ಹಣದಾಸೆ ಮಾರೆಗಿರಲಿಲ್ಲ. ಅಂಥ ಆಸೆಯಿದ್ದ ಸಹಾಯಕ ದೆಮೆನಿ ಹಿಂದಿನ ವರ್ಷವೇ ಆತನಿಂದ ಬೇರೆಯಾಗಿದ್ದನು. ಕಣ್ಣು ತಾನೇ ಕಾಣಬಲ್ಲುದನ್ನು ಪರದೆಯ ಮೇಲೆ ಮತ್ತೊಮ್ಮೆ ತೋರಿಸಿದರೆ ವಿಜ್ಞಾನಕ್ಕೆ ಲಾಭವೇನೆಂಬುದು ಮಾರೆಯ ನಿಲುವು. ವೇಗದ ಚಲನೆಯನ್ನು ನಿಧಾನಿಸಿ, ನಿಧಾನವಾದುದನ್ನು ವೇಗಗೊಳಿಸಿ ತೋರಿಸಿದರೆ ಮಾತ್ರ ಬೆಲೆ. ಈ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕಂಡದ್ದನ್ನೇ ಮತ್ತೆ ಕಾಣುವುದರಲ್ಲಿಯೂ ಒಂದು ಸುಖವುಂಟು; ಇಲ್ಲದಿದ್ದರೆ ನಾಟಕವೇಕೆ, ಚಿತ್ರಕಲೆಯೇಕೆ? ಆದರೆ ಅಷ್ಟು ಜನಪ್ರಿಯವಾದ ವಸ್ತುವನ್ನು ಎದುರಿಗಿಟ್ಟುಕೊಂಡು ‘ಇದು ನನಗೆ ಬೇಕಾದುದಲ್ಲ’ ಎಂದವನ ಧೈರ್ಯಕ್ಕೆ ತಲೆದೂಗದೆ ಇರಲಾರೆ.

1904ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷಗಳ ಮೊದಲು ಆತನು ಗಾಜಿನ ಪೆಟ್ಟಿಗೆಯೊಂದರಲ್ಲಿ ಹೊಗೆಯ ಸಣ್ಣ ಎಳೆಗಳನ್ನು ಹರಿಯಬಿಟ್ಟು, ಅಡ್ಡ ಬಂದ ವಸ್ತುವನ್ನು ಗಾಳಿ ಹೇಗೆ ಬಳಸಿಕೊಂಡು ಹೋಗುತ್ತದೆಂಬುದರ ಚಿತ್ರಗಳನ್ನು ತೆಗೆಯುತ್ತಿದ್ದನು.