ಪಾಲಿಟೆಕ್ನಿಕ್ ಹುಡುಗರಿಗೂ ಉಂಟು ಬಿ.ಇ. ಬಾಗಿಲು

ಡಿಪ್ಲೊಮಾಕ್ಕೆ ಸೇರಿದವನ ಓದು ಅಲ್ಲಿಗೇ ಮುಗೀತು ಎಂದು ಮೂಗು ಮುರಿಯುವವರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಅಂಥವರು ಬೆರಳು ಮಡಚಿ ಲೆಕ್ಕ ಹಾಕಲಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ ಮುಗಿಸಿ ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಿದರೆ ಇನ್ನು 3, ಅದೂ 6. ಕಳಕೊಂಡದ್ದೇನು ಸ್ವಾಮಿ? ಮನೆಯ ಕಷ್ಟಕ್ಕೆ ಓದು ನಿಂತರೂ ಕೈಯಲ್ಲೊಂದು ಡಿಪ್ಲೊಮಾ ಇರುತ್ತೆ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಆ ಭಾಗ್ಯವಿಲ್ಲ.

ಆದರೆ ಬಾಗಿಲು ತಾನಾಗಿ ತೆರೆಯೋದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆಯಬೇಕು; ರ್‍ಯಾಂಕ್ ನೋಡಿ ಸೀಟು. ಕೊನೆಯ ಸೆಮಿಸ್ಟರ್ ಗಡಿಬಿಡಿಯಲ್ಲಿ ಅರ್ಜಿಯ ತಾರೀಕು ತಪ್ಪಿತೋ, ಒಂದು ವರ್ಷ ದಂಡ.

ಸೀಟು ಸಿಕ್ಕ ಮೇಲೂ ಒಂದು ಗುದ್ದು ಕಾದಿದೆ, ಅದೇ ಗಣಿತ. ಪಿಯುಸಿ ಹುಡುಗರು ಬಿ.ಇ. ಮೊದಲ ವರ್ಷ ಕಲಿತದ್ದನ್ನು ಇವರು ಕಲಿತಿರೋದಿಲ್ಲ. ಅದಕ್ಕೇ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2018ರ ಪಠ್ಯಕ್ರಮದಲ್ಲಿ ಇಂಥವರಿಗೆಂದೇ ಹೆಚ್ಚುವರಿ ಗಣಿತ ಇಟ್ಟಿತು. ಪಾಸಾಗಲೇಬೇಕಿತ್ತು.

ಹೀಗಾಗಿ ಪಾಲಕರೇ, ಯೋಚನೆ ಮಾಡೋದಿದ್ದರೆ ಡಿಪ್ಲೊಮಾ ಮೊದಲ ವರ್ಷವೇ ಮಾಡಿ. ಹುಡುಗ ಗಣಿತದ ಪುಸ್ತಕ ರದ್ದಿಗೆ ಹಾಕದಂತೆ ನೋಡಿಕೊಳ್ಳಿ.